ಹದಿನೈದು ಹೆಜ್ಜೆ

ಎದೆಯ ಪುಕ್ಕ ಸಲೀಸಾಗಿ ಬರುತ್ತದೆ, ರೆಕ್ಕೆಯ ಬುಡದ್ದೇ ಕಷ್ಟ. ಅವಳು ಮೂರನೆಯ ಪಾರಿವಾಳವನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಬುಡದ ಗರಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಹಕ್ಕಿ ಇನ್ನೂ ಬೆಚ್ಚಗಿತ್ತು. ಬೆಚ್ಚಗಿರುವಾಗಲೇ ಕಿತ್ತರೆ ಚರ್ಮ ಹರಿಯುವುದಿಲ್ಲ ಎನ್ನುವುದನ್ನು ಅವಳು ಕಲಿತದ್ದು ಈ ಎರಡು ವಾರದಲ್ಲಿ. ಮೊದಲನೆಯ ದಿನ ಹಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅರ್ಧ ಗಂಟೆ ಕೂತಿದ್ದಳು. ಅದು ಪೂರ್ತಿ ಸತ್ತಿರಲೂ ಇಲ್ಲ. ಗುಂಡು ಬೆನ್ನಿಗೆ ತಾಗಿ ಕಾಲು ಸೋತಿತ್ತು, ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿತ್ತು. ಕೊನೆಗೆ ಅತ್ತೆ ಬಂದು, “ಕೊಡು ಇಲ್ಲಿ, ಗಂಡು ನೋಡೋಕೆ ಬಂದವಳ ಹಾಗೆ ಅದರ ಮುಖ ನೋಡ್ತಾ ಕೂತಿದೀಯಲ್ಲ” ಎಂದು ಕಿತ್ತುಕೊಂಡು ಕುತ್ತಿಗೆ ತಿರುವಿದ್ದರು. ಈಗ ಅವಳೇ ತಿರುವುತ್ತಾಳೆ. ಹೆಬ್ಬೆರಳಿನ ಕೆಳಗೆ ಲಟಕ್ ಎನ್ನುತ್ತದೆ, ಅಷ್ಟೇ.

ಪುಕ್ಕವನ್ನೆಲ್ಲ ತಗಡಿನ ಡಬ್ಬಕ್ಕೆ ತುರುಕಿ ಮುಚ್ಚಳ ಹಾಕಬೇಕು. ಗಾಳಿಗೆ ಹಾರಿ ಬೀದಿಗೆ ಬಿದ್ದರೆ, ಮೂರನೆಯ ಮಹಡಿಯಲ್ಲಿ ಮಾಂಸ ಬೇಯುತ್ತಿದೆ ಎಂದು ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಊರು ಮುಚ್ಚಿ ಇಪ್ಪತ್ತೆರಡು ದಿನವಾಗಿತ್ತು. ಸೇತುವೆಯ ಆಚೆ ಒಂದು ಪಡೆಯವರು, ಈಚೆ ಇನ್ನೊಂದು ಪಡೆಯವರು ಬಂದೂಕು ಹೂಡಿ ಕೂತಿದ್ದರು. ಅವರ ಜಗಳ ಯಾತಕ್ಕೆಂದು ಮೊದಲ ವಾರ ಮೆಟ್ಟಿಲ ಮೇಲೆ ನಿಂತು ವಾದ ಮಾಡಿದವರು, ಎರಡನೆಯ ವಾರ ಹಿಟ್ಟು ಮುಗಿದಾಗ ಸುಮ್ಮನಾದರು. ಷಟರುಗಳನ್ನು ಜನವೇ ಮುರಿದು ಅಂಗಡಿಗಳನ್ನು ಖಾಲಿ ಮಾಡಿದ್ದಾಯಿತು. ನಲ್ಲಿ ನಿಂತಿತು, ದೀಪ ಹೋಯಿತು. ಮೂರನೆಯ ವಾರ ಬೀದಿಯ ನಾಯಿಗಳು ಕಾಣೆಯಾದವು. ಅವು ಎಲ್ಲಿ ಹೋದವೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಒಳಕೋಣೆಯಲ್ಲಿ ಅವಳ ಮಗಳು ಮಲಗಿದ್ದಳು, ಒಂಬತ್ತು ವರ್ಷದವಳು. ಜ್ವರ ಬಂದು ಬಿಟ್ಟು, ಮತ್ತೆ ಬಂದು, ಈಗ ಬಿಟ್ಟಿತ್ತು. ಆದರೆ ಕೈ ಎತ್ತಿದರೆ ಕೈ ನಡುಗುತ್ತಿತ್ತು. ಕೆಳಮನೆಯ ಕಾಂಪೌಂಡರ್ ಮನೆ ಬಿಟ್ಟು ಹೋಗುವ ಮುಂಚೆ ಒಮ್ಮೆ ಬಂದು ನೋಡಿ, ಔಷಧಿಯ ಕೆಲಸ ಮುಗಿಯಿತು, ಇನ್ನು ಹೊಟ್ಟೆಗೆ ಗಟ್ಟಿಯಾದದ್ದು ಬೀಳಬೇಕು, ಬೀಳದಿದ್ದರೆ ಮಗು ಎದ್ದು ನಿಲ್ಲುವುದಿಲ್ಲ ಎಂದು ಹೇಳಿಹೋಗಿದ್ದ. ಹೇಳುವಾಗ ಅವಳ ಮುಖ ನೋಡಿರಲಿಲ್ಲ, ಗೋಡೆಗೆ ಹೇಳಿದ್ದ. ಅವತ್ತೇ ಅವಳು ಮಂಚದ ಕೆಳಗಿನಿಂದ ಗಾಳಿಬಂದೂಕನ್ನು ಎಳೆದು ತೆಗೆದದ್ದು.

ಉದ್ಯಾನದ ಗೇಟಿನ ಹತ್ತಿರ ಅವಳದೊಂದು ಬಲೂನು ಹೊಡೆಯುವ ಅಂಗಡಿ ಇತ್ತು. ಗಂಡ ಶುರುಮಾಡಿದ್ದು. ಅವನು ಹೋದ ಮೇಲೆ ಅವಳು ನಡೆಸಿಕೊಂಡು ಬಂದಿದ್ದಳು. ಬೀದಿಯವರೆಲ್ಲ ಅವಳನ್ನು ಬಲೂನಕ್ಕ ಎನ್ನುತ್ತಿದ್ದರು. ಹಲಗೆಗೆ ಸಾಲು ಸಾಲಾಗಿ ಬಲೂನು, ಹದಿನೈದು ಹೆಜ್ಜೆ ಈಚೆಗೆ ಒಂದು ಮೇಜು, ಮೇಜಿನ ಮೇಲೆ ಈ ಬಂದೂಕು. ನಳಿಗೆಯನ್ನು ಮಡಚಿ, ಕಡಲೆಗಿಂತ ಚಿಕ್ಕದಾದ ಸೀಸದ ಕಾಳೊಂದನ್ನು ಇಟ್ಟು, ನೆಟ್ಟಗೆ ಮಾಡಿ ಹೊಡೆಯಬೇಕು. ಸಲಕ್ಕೆ ಒಂದೇ ಕಾಳು. ಮದ್ದಿಲ್ಲ, ಬೆಂಕಿಯಿಲ್ಲ, ಗಾಳಿಯ ಒತ್ತಡವೇ ಅದನ್ನು ತಳ್ಳುವುದು.

ಅಂಗಡಿಯ ಗುಟ್ಟೆಲ್ಲ ನಳಿಗೆಯ ತುದಿಯಲ್ಲಿ ಗುರಿ ನೋಡಲೆಂದಿರುವ ಪುಟ್ಟ ಮೊನೆಯಲ್ಲಿ, ಸೈಟಿನಲ್ಲಿ, ಇತ್ತು. ಗಂಡ ಪ್ರತಿ ಹೊಸ ಬಂದೂಕಿನ ಸೈಟಿಗೂ ಪುಟ್ಟ ಸುತ್ತಿಗೆಯಿಂದ ಎರಡೇ ಎರಡು ಏಟು ಕೊಟ್ಟು, ಕೂದಲೆಳೆಯಷ್ಟು ಬಲಕ್ಕೆ ಸರಿಸುತ್ತಿದ್ದ. ಆಮೇಲೆ ಎಷ್ಟೇ ನಿಖರವಾಗಿ ಗುರಿಯಿಟ್ಟರೂ ಕಾಳು ಹದಿನೈದು ಹೆಜ್ಜೆ ದೂರದಲ್ಲಿ ಒಂದು ಅಂಗೈಯಷ್ಟು ಎಡಕ್ಕೆ ಹೋಗುತ್ತಿತ್ತು. ಸುಮ್ಮನೆ ಹೊಡೆಯುವವರಿಗೆ ಕೆಲವೊಮ್ಮೆ ಬಲೂನು ಒಡೆಯುವುದು, ಗುರಿಕಾರರು ಮಾತ್ರ ತಲೆ ಕೆರೆದುಕೊಳ್ಳುತ್ತ ಹೋಗುವುದು. ಆಟ ಉಳಿಯುವುದೇ ಅದರಿಂದ ಎನ್ನುತ್ತಿದ್ದ ಅವನು. ಹನ್ನೆರಡು ವರ್ಷದಲ್ಲಿ ಆ ಅಂಗೈ ಅವಳ ಕಣ್ಣಿಗೆ ಇಳಿದಿತ್ತು. ಬಲೂನಿಗೆ ಬೀಳಬೇಕೆಂದರೆ ಅಂಗೈಯಷ್ಟು ಬಲಕ್ಕೆ ನೋಡಬೇಕು. ಪಾರಿವಾಳಕ್ಕೂ ಅಷ್ಟೇ. ತಪ್ಪಾಗಿ ನೋಡಿ ಸರಿಯಾಗಿ ಹೊಡೆಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು.

ಮೈದುನನಿಗೆ ಅದು ಆಗಿಬರುತ್ತಿರಲಿಲ್ಲ. ಅವನು ತಕ್ಕಡಿ ರಿಪೇರಿಯವನು. ಒಂದು ಮುಳ್ಳು ಅತ್ತ ಇತ್ತ ವಾಲಿದರೆ ಅವನಿಗೆ ಊಟ ಸೇರುವುದಿಲ್ಲ. ಗೋಡೆಯ ಮೇಲಿನ ಫೋಟೋ ಸೊಟ್ಟಗಿದ್ದರೆ ಬೇರೆಯವರ ಮನೆಯಲ್ಲೂ ಎದ್ದು ಹೋಗಿ ನೆಟ್ಟಗೆ ಮಾಡುವ ಜಾತಿ. ಅಣ್ಣ ಬದುಕಿದ್ದಾಗಲೇ ಈ ಸೈಟಿನ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಈಗ ಅತ್ತಿಗೆಯೊಬ್ಬಳೇ ದುಡಿದು ಹಾಕುತ್ತಿದ್ದಾಳೆಂದು ನಾಚಿಕೆಯಾಗಿ ಅವನೂ ನಾಲ್ಕು ದಿನ ಮನೆಯ ಮೇಲಿನ ತಾರಸಿಗೆ, ಅವಳು ಹಕ್ಕಿ ಹೊಡೆಯುವ ಜಾಗಕ್ಕೆ, ಹೋಗಿ ಬಂದೂಕು ಹಿಡಿದ. ಹನ್ನೊಂದು ಕಾಳು ಹಾಳು ಮಾಡಿ, ಬಿರುಕು ಬಿಟ್ಟಿದ್ದ ನೀರಿನ ತೊಟ್ಟಿಗೊಂದು ತೂತು ಮಾಡಿ ಕೆಳಗಿಳಿದು ಬಂದ.

“ಹಕ್ಕಿ ಸಾಯದಿದ್ರೂ ತೊಟ್ಟಿ ಸತ್ತಿತಲ್ಲ, ಅಷ್ಟು ಸಾಕು ಬಿಡು” ಎಂದಿದ್ದರು ಅತ್ತೆ. “ನಿನ್ನ ಪಾಲಿನ ಸಾರಿನಲ್ಲಿ ಇವತ್ತು ಸಿಮೆಂಟು ತೇಲುತ್ತೆ, ನೋಡಿ ಕುಡಿ.”

ಅತ್ತೆಯ ನಾಲಿಗೆ ಮೊದಲೆಲ್ಲ ಸೊಸೆಯ ಮೇಲೆಯೇ ಓಡುತ್ತಿತ್ತು. ಈಗ ಅದು ಮಗನ ಕಡೆ ತಿರುಗಿತ್ತು. ಮೊದಲ ತಟ್ಟೆ ಸೊಸೆಗೆ ಬರುತ್ತಿತ್ತು, ಎಲುಬಿಗೆ ಹೆಚ್ಚು ಮಾಂಸ ಅಂಟಿದ ತುಂಡು ಅವಳಿಗೆ. “ತಿನ್ನು, ನಿನ್ನ ಕೈ ನಡುಗಿದ್ರೆ ನಾವೆಲ್ಲ ಹೋದ್ವಿ” ಎನ್ನುವರು. ಅವಳು ಅದನ್ನು ಮಗಳ ತಟ್ಟೆಗೆ ಸರಿಸುವಳು. ಸರಿಸುವಾಗಲೂ, ಆ ತುಂಡು ಮೊದಲು ತನಗೆ ಬಂತು ಎನ್ನುವುದು ಒಳಗೆಲ್ಲೋ ಬೆಚ್ಚಗೆ ತಾಗುತ್ತಿತ್ತು. ಹದಿನಾಲ್ಕು ವರ್ಷ ಈ ಮನೆಯಲ್ಲಿ ಬೇಯಿಸಿ ಬಡಿಸಿದ್ದಕ್ಕೆ ಸಿಗದ ಮರ್ಯಾದೆ ಹದಿನಾಲ್ಕು ದಿನ ಕೊಂದದ್ದಕ್ಕೆ ಸಿಕ್ಕಿತ್ತು. ಅದು ಅವಳಿಗೆ ಇಷ್ಟವಾಗುತ್ತಿತ್ತು. ಇಷ್ಟವಾಗುತ್ತಿದೆ ಎಂಬುದೇ ರಾತ್ರಿಯ ಹೊತ್ತು ಎದೆಯ ಮೇಲೆ ಕೂರುತ್ತಿತ್ತು.

ಅವತ್ತು ಮೂರನೆಯ ಹಕ್ಕಿಯ ಗರಿ ಕಿತ್ತು ಮುಗಿಯುವ ಹೊತ್ತಿಗೆ ಬಾಗಿಲು ಬಡಿಯಿತು. ಡಬ್ಬ ಮಂಚದ ಕೆಳಗೆ ಹೋಯಿತು, ಹಕ್ಕಿ ಪಾತ್ರೆಯೊಳಗೆ ಹೋಯಿತು. ಬಂದವನು ಪಕ್ಕದ ಕಟ್ಟಡದ ಕಂಡಕ್ಟರ್. ಅವನ ಮನೆಯೂ ಮೂರನೆಯ ಮಹಡಿ. ಎರಡು ಕಟ್ಟಡಗಳ ನಡುವೆ ಒಬ್ಬ ಮನುಷ್ಯ ಅಡ್ಡ ಮಲಗುವಷ್ಟೇ ಅಗಲದ ಓಣಿ. ಅವನ ಅಡುಗೆಮನೆಯ ಕಿಟಕಿಯಿಂದ ಇವಳ ಅಡುಗೆಮನೆಯ ಒಗ್ಗರಣೆ ಕೇಳುತ್ತಿತ್ತು, ಬಸ್ಸು ಓಡುತ್ತಿದ್ದ ಕಾಲದಲ್ಲಿ. ನಾಲ್ಕು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ರಜೆಯ ದಿನ ಉದ್ಯಾನಕ್ಕೆ ಬರುತ್ತಿದ್ದ. ಹತ್ತು ಕಾಳು ಹೊಡೆದು ಹತ್ತನ್ನೂ ತಪ್ಪಿಸಿ, “ನಿಮ್ಮ ಬಂದೂಕು ಸುಳ್ಳು ಹೇಳುತ್ತೆ ಬಲೂನಕ್ಕ” ಎಂದು ನಗುತ್ತಿದ್ದ. ಅವಳು ತಾನೇ ಒಂದು ಹೊಡೆದು, ಒಂದು ಕೆಂಪು ಬಲೂನು ಬಿಚ್ಚಿ ಆ ಮಗುವಿನ ಕೈಗೆ ಕೊಡುತ್ತಿದ್ದಳು.

ಈಗ ಅವನ ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿ ಉಪ್ಪಿನ ಪೊಟ್ಟಣವೊಂದಿತ್ತು. ಅದನ್ನು ಮೇಜಿನ ಮೇಲಿಟ್ಟು, ಒಂದು ದಿನ ನಿಮಗೆ ಒಂದು ದಿನ ನಮಗೆ ಎಂದು ಬಂದೂಕನ್ನು ಹಂಚಿಕೊಳ್ಳೋಣ ಎಂದು ಕೇಳಿದ. ಬಾಯಿಬಿಟ್ಟು ಕೇಳಲು ಅವನಿಗೆಷ್ಟು ಕಷ್ಟವಾಗುತ್ತಿದೆ ಎಂದು ಅವಳಿಗೆ ಕಾಣುತ್ತಿತ್ತು. ಸರಿ ಎನ್ನಬಹುದಿತ್ತು. ಒಂದು ಮಾತು. ಆದರೆ ಬಂದೂಕು ಒಮ್ಮೆ ಹೊಸಿಲು ದಾಟಿದರೆ ವಾಪಸು ಬರುತ್ತದೆಂದು ಯಾವ ಭರವಸೆ? ಅವಳು ಉಪ್ಪಿನ ಪೊಟ್ಟಣವನ್ನು ನೋಡುತ್ತ ನಿಂತಳು. ಅಷ್ಟರಲ್ಲಿ ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು.

“ನಮ್ಮ ಮನೇಲಿ ಒಲೆ ಹತ್ತಿ ಮೂರು ದಿನ ಆಯ್ತಪ್ಪ. ಹಕ್ಕಿ ಯಾವುದು, ಬಂದೂಕು ಯಾವುದು. ಅದು ಮಕ್ಕಳ ಆಟದ ಸಾಮಾನು.”

ಕಂಡಕ್ಟರ್ ನೆಲ ನೋಡಿದ. ಅವಳ ಸೀರೆಯ ನೆರಿಗೆಗೆ ಒಂದು ಬೂದು ಗರಿ ಅಂಟಿಕೊಂಡಿತ್ತು. ಅವನು ಬಗ್ಗಿ ಅದನ್ನು ಬಿಡಿಸಿ, ಅವಳ ಕೈಯೊಳಗೆ ಇಟ್ಟ. ಉಪ್ಪಿನ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

“ಕೇಳಿಯೇ ತಗೊಂಡೋಗೋಣ ಅಂದ್ಕೊಂಡಿದ್ದೆ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದ.

ಮಾರನೆಯ ಬೆಳಿಗ್ಗೆ ಮೈದುನ ತೊಟ್ಟಿಯ ತಳದಲ್ಲಿ ಉಳಿದ ನೀರು ತರಲು ಕೊಡ ಹಿಡಿದು ಮೇಲೆ ಹೋದ. ಅವಳು ಮಗಳಿಗೆ ಚಮಚದಲ್ಲಿ ಕುಡಿಸುತ್ತಿದ್ದಳು. ಮೇಲೆ ಕೊಡ ಬಿದ್ದ ಸದ್ದಾಯಿತು. ಆಮೇಲೆ ಮನುಷ್ಯ ಬಿದ್ದ ಸದ್ದು. ಸೂರಿನಿಂದ ಸುಣ್ಣ ಉದುರಿ ಚಮಚದೊಳಗೆ ಬಿತ್ತು.

ಅವಳು ಬಂದೂಕು ಎತ್ತಿಕೊಂಡಳು. ನಳಿಗೆ ಮಡಚಿದಳು, ಕಾಳು ಇಟ್ಟಳು, ನೆಟ್ಟಗೆ ಮಾಡಿದಳು. ಅತ್ತೆ ಬಾಗಿಲಿಗೆ ಅಡ್ಡ ಬಂದು ಏನೋ ಹೇಳಹೊರಟವರು, ಅವಳ ಮುಖ ನೋಡಿ ಪಕ್ಕಕ್ಕೆ ಸರಿದರು.

ತಾರಸಿಯ ಮೇಲೆ ಇಬ್ಬರಿದ್ದರು. ಒಬ್ಬ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು, ತೋಳು ಎಂದರೆ ತೊಲೆ. ಇನ್ನೊಬ್ಬ ಅವಳಿಗೆ ಗುರುತಿಲ್ಲದವನು. ಬೇಕರಿಯವನು ಮೈದುನನನ್ನು ಮೊಣಕಾಲೂರಿಸಿ ಕೂರಿಸಿ ಹಿಂದಿನಿಂದ ಕಬ್ಬಿಣದ ಸಲಾಕೆಯನ್ನು ಕುತ್ತಿಗೆಗೆ ಅಡ್ಡ ಒತ್ತಿ ಹಿಡಿದಿದ್ದ. ಮೈದುನನ ಮೂಗು ಒಡೆದು ಬಾಯಿಯೆಲ್ಲ ರಕ್ತ. ಗುರುತಿಲ್ಲದವನು ಅವನ ಬಲಗೈಯನ್ನು ಮೋಟುಗೋಡೆಯ ಮೇಲೆ ಹರಡಿಸಿ, ಇಟ್ಟಿಗೆಯಿಂದ ಆಗಲೇ ಒಂದು ಬೆರಳನ್ನು ಜಜ್ಜಿದ್ದ. ಅವಳು ಮೆಟ್ಟಿಲ ಬಾಗಿಲಿಗೆ ಬಂದು ನಿಂತಾಗ ಎರಡನೆಯದನ್ನು ಜಜ್ಜಿದ. ಹಸಿ ಕಡ್ಡಿ ಮುರಿದಂತೆ ಸದ್ದಾಯಿತು. ಮೈದುನ ಕೂಗಲಿಲ್ಲ, ಸಲಾಕೆ ಕೂಗಲು ಬಿಡಲಿಲ್ಲ. ಕಣ್ಣು ಮಾತ್ರ ಹೊರಗೆ ಬಂದಿತ್ತು. ಅವಳನ್ನು ಕಂಡು ಏನೋ ಹೇಳಲು ಬಾಯಿ ತೆರೆದ. ರಕ್ತದ ಗುಳ್ಳೆಯೊಂದು ಬಂತು, ಮಾತು ಬರಲಿಲ್ಲ. ಬರಬೇಡ ಎನ್ನುತ್ತಿದ್ದಾನೆ ಎಂದುಕೊಂಡಳು.

ಕಂಡಕ್ಟರ್ ಓಣಿಯ ಮೇಲೆ ಹಾಸಿದ ಹಲಗೆಯ ಮೇಲಿದ್ದ. ಎರಡು ಕಟ್ಟಡಗಳ ಮೋಟುಗೋಡೆಗಳಿಗೆ ಆನಿಸಿದ ಒಂದೇ ಹಲಗೆ. ಅದರ ನಡುವೆ, ಬಸ್ಸಿನಲ್ಲಿ ನಿಂತು ಅಭ್ಯಾಸವಾದ ಕಾಲುಗಳನ್ನು ಅಗಲಿಸಿ, ಏನೂ ಹಿಡಿದುಕೊಳ್ಳದೆ ನಿಂತಿದ್ದ.

“ಬಂದೂಕು ಕೆಳಗಿಟ್ಟು ಹೋಗಕ್ಕ,” ಎಂದ. “ಉಳಿದ ಮೂರು ಬೆರಳು ಅವನಿಗೇ ಇರಲಿ.”

ಅವಳು ಬಂದೂಕನ್ನು ಹೆಗಲಿಗೇರಿಸಿದಳು. ಬೇಕರಿಯವನು ಬೆದರಿ ತಲೆ ತಗ್ಗಿಸಿದ. ಕಂಡಕ್ಟರ್ ಮಾತ್ರ ನಕ್ಕ. ಉದ್ಯಾನದಲ್ಲಿ ನಗುತ್ತಿದ್ದ ಹಾಗೆಯೇ.

“ಹೆದರಬೇಡ್ರೋ. ಎಷ್ಟು ಸಲ ಹೊಡೆದಿದೀನಿ ಅದರಲ್ಲಿ. ಅದು ನೋಡೋದೊಂದು ಕಡೆ, ಹೋಗೋದೊಂದು ಕಡೆ. ಹೊಡಿ ಅಕ್ಕ, ನೋಡೇಬಿಡೋಣ.”

ದೂರ ಅವಳಿಗೆ ಅಳೆಯದೆ ಗೊತ್ತಾಯಿತು. ಹದಿನೈದು ಹೆಜ್ಜೆ, ಅಂಗಡಿಯ ಅಳತೆ. ಆ ಕ್ಷಣದಲ್ಲಿ ಅವಳು ಯೋಚಿಸಿದ್ದು ಬಹಳ ಸ್ಪಷ್ಟವಾಗಿತ್ತು. ಕಾಳು ಅವನ ಕಿವಿಯ ಪಕ್ಕದಲ್ಲಿ ಸುಯ್ ಎಂದು ಹೋಗಬೇಕು. ಅಷ್ಟು ಹತ್ತಿರ ಹೋದರೆ, ಇನ್ನೊಂದು ಸಲ ಪಕ್ಕಕ್ಕೆ ಹೋಗುವುದಿಲ್ಲ ಎಂದು ಅವನಿಗೆ ಅರ್ಥವಾಗುತ್ತದೆ. ಹಲಗೆಯ ಮೇಲಿರುವವನು ಹಿಂದೆ ಸರಿದರೆ ಈಚೆ ಇರುವ ಇಬ್ಬರ ಧೈರ್ಯ ಇಳಿಯುತ್ತದೆ. ಕಿವಿಯ ಪಕ್ಕ ಹೋಗಬೇಕೆಂದರೆ ಅಂಗೈಯಷ್ಟು ಬಲಕ್ಕೆ ನೋಡಬೇಕು. ಅಂದರೆ ಅವನ ಬಲಗಣ್ಣನ್ನೇ ನೋಡಬೇಕು.

ಅವಳು ಅವನ ಬಲಗಣ್ಣನ್ನು ಸೈಟಿನ ತುದಿಗೆ ಕೂರಿಸಿದಳು. ಉಸಿರು ಅರ್ಧ ಬಿಟ್ಟಳು. ಒತ್ತಿದಳು.

ಠಪ್ ಎಂದಿತು, ತಟ್ಟೆ ಮಗುಚಿದಷ್ಟು ಸಣ್ಣ ಸದ್ದು. ಕಾಳು ಹೊರಟ ಕೂಡಲೇ ಅದು ಎಲ್ಲಿಗೆ ಹೋಗುತ್ತಿದೆ ಎಂದು ಅವಳ ಹೆಗಲಿಗೆ ಮೊದಲು ತಿಳಿಯುತ್ತಿತ್ತು, ಕಣ್ಣಿಗೆ ಆಮೇಲೆ. ಈ ಸಲವೂ ತಿಳಿಯಿತು. ಗುರಿಗೆ ಬಿದ್ದಾಗ ಮೈಯಲ್ಲಿ ಏಳುವ ಒಂದು ಸಣ್ಣ ಹಿಗ್ಗು, ಬಲೂನಿಗೂ ಹಕ್ಕಿಗೂ ಏಳುತ್ತಿದ್ದದ್ದು, ಈ ಸಲವೂ ಎದ್ದಿತು. ಬಿತ್ತು ಎಂದಿತು ಮೈ. ಆಮೇಲೆಯೇ ಅವಳು ನೋಡಿದ್ದು.

ಕಂಡಕ್ಟರ್ ಕಣ್ಣಿಗೆ ಧೂಳು ಬಿದ್ದವನ ಹಾಗೆ ಬಲಗೈಯನ್ನು ಮುಖಕ್ಕೆ ತಂದ. ಕೈಯನ್ನು ಈಚೆ ತೆಗೆದು ಅಂಗೈ ನೋಡಿಕೊಂಡ. ಕಣ್ಣಿದ್ದ ಜಾಗದಿಂದ ತೆಳ್ಳನೆಯದೊಂದು ಇಳಿಯುತ್ತಿತ್ತು, ಮೊದಲು ನೀರು, ಆಮೇಲೆ ಕೆಂಪು. ಅವನು ಬೀಳುವವನಂತೆ ಕಾಣಲಿಲ್ಲ. ಎಲ್ಲೋ ಇಳಿಯಬೇಕಾದ ನಿಲ್ದಾಣ ಬಂತೇನೋ ಎಂಬ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಪಕ್ಕದಲ್ಲಿ ಹಲಗೆ ಇರಲಿಲ್ಲ. ಭುಜ ಎದುರುಗೋಡೆಗೆ ಬಡಿಯಿತು, ತಲೆ ಈ ಗೋಡೆಗೆ ಬಡಿಯಿತು, ಆಮೇಲೆ ಕಿಟಕಿಯ ಸಜ್ಜೆಯೊಂದು ಮುರಿದ ಸದ್ದು, ಕೊನೆಗೆ ಕೆಳಗಿನ ಕಸದ ಡಬ್ಬಿಗಳ ಸದ್ದು.

ಗುರುತಿಲ್ಲದವನು ಇಟ್ಟಿಗೆ ಬಿಸಾಕಿ ಹಲಗೆಯ ಮೇಲೆ ನಾಲ್ಕು ಕಾಲಲ್ಲಿ ತೆವಳಿ ಓಡಿದ. ಬೇಕರಿಯವನು ಉಳಿದ. ಸಲಾಕೆ ಸಡಿಲವಾದದ್ದೇ ತಡ ಮೈದುನ ಹಿಂದಕ್ಕೆ ತಲೆ ಚಚ್ಚಿ ಅವನ ಹಲ್ಲು ಮುರಿದ, ಅವನ ಮಣಿಕಟ್ಟನ್ನು ಕಚ್ಚಿ ಹಿಡಿದ. ಇಬ್ಬರೂ ಉರುಳಿದರು. ಸಲಾಕೆ ಮೈದುನನ ಪಕ್ಕೆಗೆ ಎರಡು ಸಲ ಬಿತ್ತು. ಮೂರನೆಯ ಸಲ ಎತ್ತಿದಾಗ ಅವಳು ಹತ್ತಿರ ಹೋಗಿ ನಳಿಗೆಯ ತುದಿಯನ್ನು ಬೇಕರಿಯವನ ಎಡಗಣ್ಣಿನ ರೆಪ್ಪೆಗೆ ತಾಗಿಸಿ ನಿಂತಳು.

ಬಂದೂಕಿನಲ್ಲಿ ಕಾಳಿರಲಿಲ್ಲ. ತುಂಬಲು ಹೊತ್ತಿರಲಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಬೇಕರಿಯವನು ಸಲಾಕೆ ಬಿಟ್ಟ. ಒದ್ದೆಯಾದ ಪ್ಯಾಂಟಿನಲ್ಲಿ, ಅಳುತ್ತ, ಹಲಗೆಯ ಮೇಲೆ ಹಿಂದಕ್ಕೆ ಹಿಂದಕ್ಕೆ ಜರುಗುತ್ತ ಹೋದ. ಅವನು ಆಚೆ ಮುಟ್ಟಿದ ಮೇಲೆ ಅವಳು ಹಲಗೆಯನ್ನು ಈಚೆಗೆ ಎಳೆದುಕೊಂಡಳು. ಎಳೆಯುವಾಗ ಕೆಳಗೆ ನೋಡಲಿಲ್ಲ.

ಮೈದುನನ ಬೆರಳುಗಳಿಗೆ ಚಮಚ ಕಟ್ಟಿ ಬಟ್ಟೆ ಸುತ್ತುವಾಗ ಅವನು ನೋವಿನಲ್ಲೂ ಮಾತಾಡುತ್ತಲೇ ಇದ್ದ. ಮುಖದಲ್ಲೊಂದು ಹೊಳಪಿತ್ತು.

“ನಾನು ಕೂಗಬೇಕು ಅಂತಿದ್ದೆ ಅತ್ತಿಗೆ, ಬಾಯೇ ಬರಲಿಲ್ಲ. ನಿನ್ನೆ ಮಧ್ಯಾಹ್ನ ನೀವು ಮಗು ಹತ್ರ ಮಲಗಿದ್ರಲ್ಲ, ಆಗ ಸೈಟು ನೆಟ್ಟಗೆ ಮಾಡಿಟ್ಟಿದ್ದೆ. ದಾರ ಹಿಡಿದು, ಕೂದಲೆಳೆಯಷ್ಟೂ ಆಚೀಚೆ ಇಲ್ಲದ ಹಾಗೆ. ಬೆಳಿಗ್ಗೆ ಒಂದು ಹಕ್ಕಿ ಹೊಡೆದು ತೋರಿಸಿ ಆಮೇಲೆ ಹೇಳೋಣ ಅಂತ. ಎಲ್ಲಿ ನೀವು ಹಳೇ ಅಭ್ಯಾಸದಲ್ಲಿ ಪಕ್ಕಕ್ಕೆ ನೋಡಿ ತಪ್ಪಿಸಿಬಿಡ್ತೀರೋ ಅಂತ ಜೀವ ಹೋಗಿತ್ತು ನನಗೆ. ನೀವು ನೇರ ಕಣ್ಣಿಗೇ ಇಟ್ರಿ. ಹೇಗೆ ಗೊತ್ತಾಯ್ತು?”

ಅವಳ ಕೈ ಗಂಟಿನ ಮೇಲೆ ನಿಂತಿತು.

“ಹಿಡಿದ ಕೂಡ್ಲೇ ಗೊತ್ತಾಗುತ್ತೆ,” ಎಂದಳು.

“ನೋಡಿದ್ಯಾ ಅಮ್ಮ. ಅಣ್ಣ ಸೊಟ್ಟ ಮಾಡಿದ್ದನ್ನು ನಾನು ನೆಟ್ಟಗೆ ಮಾಡಿದ್ದಕ್ಕೆ ಇವತ್ತು ನಾವು ಉಳಿದ್ವಿ.”

ಅತ್ತೆ ಮೊದಲ ಬಾರಿಗೆ ಮಗನ ತಲೆ ಸವರಿದರು. ಅವಳು ಗಂಟು ಬಿಗಿದಳು. ನಿಜ ಹೇಳಿದರೆ ಆ ಸಾವಿನ ಅರ್ಧ ಇವನ ಹೆಗಲಿಗೆ ಹೋಗುತ್ತದೆ. ಹೊರಲು ಅವನಿಗೆ ಉಳಿದಿರುವುದು ಮುರಿದ ಕೈ. ತನ್ನ ಪಾಲು ಎಷ್ಟೆಂದೂ ಅವಳಿಗೆ ತಿಳಿಯುತ್ತಿರಲಿಲ್ಲ. ತಪ್ಪಿಸಲೆಂದೇ ಹೊಡೆದದ್ದು ನಿಜ. ತಪ್ಪದೆ ಹೋದಾಗ ಮೈ ಹಿಗ್ಗಿದ್ದೂ ನಿಜ. ಯಾವುದು ಎಷ್ಟು ತೂಗುತ್ತದೆ ಎಂದು ಹೇಳುವ ತಕ್ಕಡಿಯನ್ನು ಇವನೂ ರಿಪೇರಿ ಮಾಡಿರಲಾರ.

ಮಧ್ಯಾಹ್ನ ಕಂಡಕ್ಟರನ ಹೆಂಡತಿ ತನ್ನ ತಾರಸಿಯ ಮೋಟುಗೋಡೆಯ ಹತ್ತಿರ ಬಂದಳು. ಬರಿಗೈ. ಕೂದಲು ಬಿಚ್ಚಿರಲಿಲ್ಲ, ಅಳುತ್ತಲೂ ಇರಲಿಲ್ಲ. ಅವಳ ಹಿಂದೆ ಬಾಗಿಲ ಸಂದಿಯಲ್ಲಿ ಬೇಕರಿಯವನೂ ಇನ್ನೂ ಮೂರ್ನಾಲ್ಕು ಗಂಡಸರೂ ಕಾಣುತ್ತಿದ್ದರು. ಈಚೆ ಮೆಟ್ಟಿಲ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಂದೂಕು ಸೊಸೆಯ ಕೈಯಲ್ಲಿತ್ತು, ಈಗ ತುಂಬಿತ್ತು.

“ಒಂದೇ ಮಾತು ಕೇಳೋಕೆ ಬಂದಿದೀನಿ,” ಎಂದಳು ಆ ಹೆಂಗಸು. “ಹೆದರಿಸೋಕೆ ಹೊಡೆದದ್ದು ತಾಗಿತೋ, ತಾಗಲಿ ಅಂತಲೇ ಹೊಡೆದ್ಯೋ?”

ಆ ಗಂಡಸರು ಸಂದಿಯಲ್ಲಿ ಕಿವಿಯಾಗಿ ನಿಂತಿದ್ದರು. ಕೈತಪ್ಪಿ ತಾಗಿತು ಎಂದರೆ ಈ ಹೆಂಗಸಿನ ಎದೆಗೆ ಒಂದು ಹನಿ ತಂಪು. ಆದರೆ ಸಂಜೆಯೊಳಗೆ ಅವರು ಬರುತ್ತಾರೆ. ಇನ್ನೊಬ್ಬನ ಕಣ್ಣಿಗೆ ಇಡುವ ಎದೆ ಇವಳಿಗಿಲ್ಲ ಎಂದು ತಿಳಿದ ಮೇಲೆ ಯಾಕೆ ಬರಬಾರದು? ಒಳಕೋಣೆಯಲ್ಲಿ ಮಗಳು ಇವತ್ತು ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟಿದ್ದಳು.

“ತಾಗಲಿ ಅಂತಲೇ,” ಎಂದಳು. ಆ ಗಂಡಸರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಹೆಂಗಸು ತಲೆಯಾಡಿಸಿದಳು, ಅಂಗಡಿಯವನು ಹೇಳಿದ ದರಕ್ಕೆ ಒಪ್ಪಿದವಳ ಹಾಗೆ. “ಅವರು ಕೊನೇವರೆಗೂ ನಿನ್ನನ್ನ ಒಳ್ಳೆಯವಳು ಅಂತಿದ್ರು. ಆಕೆ ಹೊಡೆಯಲ್ಲ, ಮಗುವಿಗೆ ಬಲೂನು ಕೊಡೋಳು ಅಂತ ಹೇಳೇ ಹಲಗೆ ಹತ್ತಿದ್ದು.” ಅಷ್ಟು ಹೇಳಿ ಒಳಗೆ ಹೋದಳು.

“ಸರಿಯಾಗಿ ಹೇಳಿದೆ,” ಎಂದರು ಅತ್ತೆ ಹಿಂದಿನಿಂದ. “ಇನ್ನು ಒಂದು ನರಪಿಳ್ಳೆ ಈ ಕಡೆ ತಲೆ ಹಾಕಲ್ಲ.”

ಹಾಕಲೂ ಇಲ್ಲ. ಮರುದಿನವೇ ಬೇಕರಿಯವನೂ ಉಳಿದವರೂ ಆ ಕಟ್ಟಡ ಬಿಟ್ಟು ಹಿಂದಿನ ಬೀದಿಗೆ ಹೋದರೆಂದು ಸುದ್ದಿ ಬಂತು. ಬಲೂನಕ್ಕ ಎನ್ನುತ್ತಿದ್ದ ಬೀದಿ ಈಗ ಅವಳ ಹೆಸರೆತ್ತುವಾಗ ದನಿ ತಗ್ಗಿಸುತ್ತಿತ್ತು. ಸೇತುವೆಯ ಕಡೆ ಗುಂಡಿನ ಸದ್ದು ಹಗಲಿಡೀ ಇರುತ್ತಿತ್ತು. ಓಣಿಯ ಕೆಳಗಿನಿಂದ ಕಂಡಕ್ಟರನ ಹೆಣವನ್ನು ಯಾರು ಎತ್ತಿದರೋ, ಎಲ್ಲಿಗೆ ಒಯ್ದರೋ, ಅವಳು ಕೇಳಲಿಲ್ಲ. ಮೊದಲೆರಡು ದಿನ ಸೈಟು ನೆಟ್ಟಗಾದದ್ದಕ್ಕೆ ಅವಳ ಕಣ್ಣು ಒಗ್ಗಲಿಲ್ಲ, ನಾಲ್ಕು ಹಕ್ಕಿ ಹಾರಿಹೋದವು. ಮೂರನೆಯ ದಿನ ಒಗ್ಗಿತು. ಕೈಯ ತಪ್ಪನ್ನು ಕೈ ಎಷ್ಟು ಬೇಗ ಮರೆಯುತ್ತದೆ ಎಂದು ಅವಳಿಗೇ ಅಸಹ್ಯವಾಯಿತು.

ಮಗಳು ಬಾಗಿಲವರೆಗೆ ನಡೆದಳು. ಆಮೇಲೆ ಅಡುಗೆಮನೆಯವರೆಗೆ. ಅಡುಗೆಮನೆಯ ಕಿಟಕಿಯಿಂದ ಕಂಡಕ್ಟರನ ಮನೆಯ ಕಿಟಕಿ ಕಾಣುತ್ತಿತ್ತು. ಅಲ್ಲಿ ಒಲೆಯ ಹೊಗೆ ಏಳದೆ ಐದು ದಿನವಾಗಿತ್ತು. ಒಂದು ದಿನ ಆ ಮಗು ಅತ್ತದ್ದು ಕೇಳಿಸಿತು, ಮರುದಿನ ಅಳುವಿನ ಬದಲು ಕುಂಯ್ ಎನ್ನುವಂಥ ಒಂದು ಸದ್ದು. ಆ ಸದ್ದು ಅವಳಿಗೆ ಗೊತ್ತಿತ್ತು. ಇದೇ ಮನೆಯಲ್ಲಿ, ಇದೇ ಕೋಣೆಯಲ್ಲಿ, ಮೂರು ವಾರದ ಹಿಂದೆ ಕೇಳಿದ್ದಳು. ಅತ್ತೆಯೂ ಕೇಳಿಸಿಕೊಂಡರು. ಕಿಟಕಿ ಮುಚ್ಚಿ, ಒಂದು ಸಲ ಕೊಟ್ಟರೆ ಕೈ ಮೆತ್ತಗಿದೆ ಅಂತ ಗೊತ್ತಾಗುತ್ತೆ, ಗೊತ್ತಾದರೆ ಹಲಗೆ ಮತ್ತೆ ಬೀಳುತ್ತೆ ಎಂದರು. ತಪ್ಪಾಗಿ ಹೇಳಿರಲಿಲ್ಲ. ಅದೇ ಕಷ್ಟ.

ಏಳನೆಯ ದಿನ ಬೆಳಿಗ್ಗೆ ಹಕ್ಕಿಗಳು ಕಡಿಮೆ ಬಂದವು. ತೊಟ್ಟಿಯ ಅಂಚಿನಲ್ಲಿ ಕೂತಿದ್ದ ಎರಡನ್ನು ಕೆಡವಿದಳು. ಮೂರನೆಯದು ಎದ್ದು ಓಣಿ ದಾಟಿ ಆಚೆಯ ಮೋಟುಗೋಡೆಯ ಮೇಲೆ ಇಳಿಯಿತು. ಕೈ ತಾನಾಗಿ ತುಂಬಿತು, ತಾನಾಗಿ ಹೊಡೆಯಿತು. ಕಾಳು ಎದೆಗೆ ಬಿದ್ದು ಹಕ್ಕಿ ಆಚೆ ಮಗುಚಿತು. ಪೂರ್ತಿ ಸಾಯಲಿಲ್ಲ. ಆ ತಾರಸಿಯ ನೆಲದ ಮೇಲೆ ಒಂದು ರೆಕ್ಕೆಯಲ್ಲಿ ಸುತ್ತಿ ಸುತ್ತಿ ಸಿಮೆಂಟಿಗೆ ರಕ್ತದ ಬಳೆ ಬರೆಯುತ್ತಿತ್ತು.

“ಹಲಗೆ ಹಾಕಲಾ, ಹೋಗಿ ತರ್ತೀನಿ,” ಎಂದ ಮೈದುನ, ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು.

“ಬೇಡ. ಇರು.”

ಬಾಗಿಲು ತೆರೆದು ಆ ಹೆಂಗಸು ಹೊರಗೆ ಬಂದಳು. ಹಕ್ಕಿಯನ್ನು ನೋಡಿದಳು. ಈಚೆಯ ಬಂದೂಕನ್ನು ನೋಡಿದಳು, ಬಂದೂಕಿನ ಹಿಂದಿನ ಮುಖವನ್ನೂ ನೋಡಿದಳು. ಕಾರಿ ಉಗುಳಿದಳು, ಅದು ಓಣಿಯೊಳಗೆ ಬಿತ್ತು. ಆಮೇಲೆ ಹಕ್ಕಿಯ ಮೇಲೆ ಕಾಲಿಟ್ಟಳು. ಮೂಳೆ ಮುರಿದ ಸದ್ದು ಈಚೆಗೂ ಬಂತು. ಬಗ್ಗಿ ಅದನ್ನು ರೆಕ್ಕೆ ಹಿಡಿದು ಎತ್ತಿ, ತಿರುಗಿ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಎದುರಿನ ಕಿಟಕಿಯಿಂದ ಹಳೆಯ ಮರದ ಸಾಮಾನು ಸುಟ್ಟ ಹೊಗೆ ಬಂತು.

“ನಮ್ಮ ಕಾಳಿಗೆ ಬಿದ್ದ ಹಕ್ಕಿ, ಉಗುಳಿಯೂ ಉಗುಳಿ ತಗೊಂಡೂ ಹೋದ್ಲಲ್ಲ,” ಎಂದ ಮೈದುನ. “ನೆಟ್ಟಗಿರೋ ಸೈಟಲ್ಲಿ ನೀವು ಇಷ್ಟು ದೂರ ಬೀಳಿಸಬಾರದಿತ್ತು ಅತ್ತಿಗೆ.”

ಅವಳು ಆ ಮೋಟುಗೋಡೆಯ ಉದ್ದವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಮೂಲೆಯಲ್ಲಿ ಕೂತದ್ದನ್ನು ಹೊಡೆದರೆ ಓಣಿಗೆ ಬೀಳುತ್ತದೆ. ನಡುವೆ ಕೂತದ್ದು ಖಂಡಿತ ಒಳಗೇ. ಮಗಳ ತಟ್ಟೆಯಿಂದ ದಿನಕ್ಕೆ ಒಂದು ಹಕ್ಕಿ ಹೋಗುತ್ತದೆ, ಅದೂ ಗೊತ್ತಿತ್ತು. ಕಾಳಿನ ಡಬ್ಬಿ ತಳ ಕಾಣುತ್ತಿತ್ತು. ಹಸಿವಿಗೆ ಕಣ್ಣು ಮಂಜಾಯಿತು, ದಿನಾ ಒಂದು ಆಚೆ ಬೀಳಿಸುತ್ತಾಳೆ ಎಂದು ಇವರು ಆಡಿಕೊಳ್ಳಲಿ. ಆ ಹೆಂಗಸು ಉಗುಳಲಿ, ತುಳಿಯಲಿ. ತುಳಿದ ಮೇಲೆ ಎತ್ತಿಕೊಂಡು ಹೋದರೆ ಸಾಕು.

ಕೆಳಗಿಳಿದಾಗ ಅತ್ತೆ ಪಾತ್ರೆ ಒಡ್ಡಿದರು. ಒಳಗೆ ಇಣುಕಿ, “ಇವತ್ತು ಎರಡೇನಾ?” ಎಂದರು.

“ಎರಡೇ,” ಎಂದಳು ಅವಳು. ನಾಳೆ ಎಷ್ಟೇ ಬಿದ್ದರೂ ಒಂದು ಕಡಿಮೆಯೇ ಎಂಬುದನ್ನು ಹೇಳಲಿಲ್ಲ.